ಟ್ರಾವೆಲರ್, ಮದರ್‌ಶಿಪ್, ಲೇಸರ್ಸ್ ಅಂಡ್ ಫೀಲಿಂಗ್ಸ್: ಹಾಸನದಲ್ಲಿ ಮೂರನ್ನೂ ಆಡಿ ನೋಡಿದ ಮೇಲೆ

ಬಾಹ್ಯಾಕಾಶದ ರೋಲ್‌ಪ್ಲೇಯಿಂಗ್ ಆಟ ಆಡಬೇಕು, ಯಾವುದರಿಂದ ಶುರು ಮಾಡೋಣ ಅಂತ ಕೇಳುವವರಿಗೆ ನಾನು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಗೆಳೆಯರು ಒಟ್ಟಿಗೆ ಕೂತರೆ ಯಾವ ಮಾತು ಎದ್ದಾಗ ಯಾರಿಗೂ ಮನೆಗೆ ಹೋಗುವ ಮನಸ್ಸಾಗುವುದಿಲ್ಲ? ದುಡ್ಡಿನ ಮಾತಾ, ಭಯದ ಕತೆಯಾ, ಇಲ್ಲ ಯಾರಿಗೆ ಯಾರ ಮೇಲೆ ಮನಸ್ಸು ಅನ್ನುವುದಾ? ಆಟದ ನಿಯಮಗಳು ಮೇಜಿನ ಸುತ್ತ ಯಾವ ಮಾತು ನಡೆಯಬೇಕು ಅನ್ನುವುದನ್ನು ತೀರ್ಮಾನ ಮಾಡಿಬಿಡುತ್ತವೆ. ಟ್ರಾವೆಲರ್, ಮದರ್‌ಶಿಪ್, ಲೇಸರ್ಸ್ ಅಂಡ್ ಫೀಲಿಂಗ್ಸ್ ಮೂರನ್ನೂ ಆಡಿದ ಮೇಲೆ ನನಗೆ ಇದು ಖಚಿತವಾಗಿದೆ. ನನ್ನ ಓಟು ಟ್ರಾವೆಲರ್‌ಗೆ. ಆದರೆ ಉಳಿದ ಎರಡು ಅದನ್ನು ಮೀರಿಸುವ ಜಾಗಗಳೂ ಇವೆ.

ಹೊಸಬರಿಗೆ ಎರಡು ಮಾತು. ಇದರಲ್ಲಿ ಬೋರ್ಡ್ ಇರಲೇಬೇಕು ಅಂತಿಲ್ಲ. ಒಬ್ಬರು ಆಟ ನಡೆಸುತ್ತಾರೆ, ಲೋಕವನ್ನು ವಿವರಿಸುತ್ತಾರೆ. ಉಳಿದವರು ಒಂದೊಂದು ಪಾತ್ರ ಹಿಡಿದು "ನಾನು ಹೀಗೆ ಮಾಡುತ್ತೇನೆ" ಅನ್ನುತ್ತಾರೆ. ಏನಾಗುತ್ತೋ ಗೊತ್ತಿಲ್ಲ ಅನ್ನುವ ಕಡೆ ದಾಳ ಹಾಕುತ್ತಾರೆ. ಪಾತ್ರದ ವಿವರ ಬರೆದುಕೊಳ್ಳುವ ಹಾಳೆ ಇಂಗ್ಲಿಷಿನಲ್ಲಿ, ಮಾತು ಕನ್ನಡದಲ್ಲಿ. ಅದರಿಂದ ಯಾವ ತೊಂದರೆಯೂ ಆಗಿಲ್ಲ.

ನಮ್ಮ ಗುಂಪಿನ ಬಗ್ಗೆ ಹೇಳದೆ ಹೋಲಿಕೆ ಅರ್ಥವಾಗುವುದಿಲ್ಲ. ನಡೆಸುವವನು ನಾನು. ಒಬ್ಬ ಗೆಳೆಯ ಸ್ವಂತ ಲಾರಿ ಇಟ್ಟುಕೊಂಡಿದ್ದಾನೆ. ಆಲೂಗಡ್ಡೆ, ಶುಂಠಿ, ಏನು ಸಿಕ್ಕರೆ ಅದು ಹೊಡೆಯುತ್ತಾನೆ. ಲ್ಯಾಬ್ ಟೆಕ್ನಿಶಿಯನ್ ಆಗಿರುವ ಒಬ್ಬ ಅಕ್ಕ ಇದ್ದಾರೆ. ಅವರ ತಂಗಿಯ ಮಗಳು ಪಿಯುಸಿ ಓದುತ್ತಾಳೆ, ಬೇಲೂರಿನಿಂದ ರಜೆಗೆ ಬಂದಾಗ ಸೇರಿಕೊಳ್ಳುತ್ತಾಳೆ. ಇನ್ನೊಬ್ಬರು ಸಾಲಗಾಮೆ ರಸ್ತೆಯ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ನಾವೆಲ್ಲ ಸರ್ ಅಂತಲೇ ಕರೆಯುತ್ತೇವೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ದೇಶದ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋ ಕೇಂದ್ರ ಅದು, 1982ರಿಂದ ಹಾಸನದಲ್ಲಿದೆ. ಇಂಥ ಊರಲ್ಲಿ ಕೂತು ಬಾಹ್ಯಾಕಾಶದ ಆಟ ಆಡುವುದು ನನಗೆ ತುಂಬ ಸಹಜ ಅನಿಸುತ್ತದೆ.

ಟ್ರಾವೆಲರ್ ಹಳೆಯದು. ಮಾರ್ಕ್ ಮಿಲ್ಲರ್ ಬರೆದದ್ದು, 1977ರಲ್ಲಿ ಮೂರು ಸಣ್ಣ ಕಪ್ಪು ಪುಸ್ತಕಗಳಾಗಿ ಬಂತು. ನಾವು ಆಡುವುದು ಮಾಂಗೂಸ್ ಪಬ್ಲಿಷಿಂಗ್ ತಂದ ಈಗಿನ ಆವೃತ್ತಿ. ದಾಳದ ಲೆಕ್ಕ ಸುಲಭ. ಆರು ಮುಖದ ಎರಡು ದಾಳ ಹಾಕಿ, ಪಾತ್ರದ ಕೌಶಲ ಕೂಡಿಸಿ, 8 ಅಥವಾ ಜಾಸ್ತಿ ಬಂದರೆ ಗೆದ್ದಿರಿ. ಕೂಡಿಸಲಿಕ್ಕೂ ಕಳೆಯಲಿಕ್ಕೂ ಏನೂ ಇಲ್ಲದಿದ್ದರೆ ಗೆಲ್ಲುವ ಅವಕಾಶ ಶೇಕಡಾ 42ರಷ್ಟು.

ಪಾತ್ರ ಮಾಡುವುದೇ ಒಂದು ಆಟ. ಹದಿನೆಂಟನೇ ವಯಸ್ಸಿನಿಂದ ಶುರು. ನಾಲ್ಕು ನಾಲ್ಕು ವರ್ಷದ ಅವಧಿಗೆ ಒಂದು ಕೆಲಸ ಹಿಡಿಯಬೇಕು: ನೌಕಾಪಡೆ, ವ್ಯಾಪಾರ, ಸಂಶೋಧನೆ, ಕಳ್ಳತನ ಕೂಡ. ಪ್ರತಿ ಅವಧಿಗೂ ಉಳಿದೆಯಾ, ಬಡ್ತಿ ಸಿಕ್ಕಿತಾ, ಏನು ನಡೆಯಿತು ಅಂತ ದಾಳ ಹೇಳುತ್ತದೆ. 1977ರ ನಿಯಮದಲ್ಲಿ ಪಾತ್ರ ಇಲ್ಲೇ ಸಾಯಬಹುದಿತ್ತು. ಈಗ ಅವಘಡವಾಗಿ ಕೆಲಸ ಹೋಗುತ್ತದೆ, ಜೀವ ಉಳಿಯುತ್ತದೆ. 34 ದಾಟಿದರೆ ಮೈ ಸೋಲಲು ಶುರು. ಲಾರಿ ಗೆಳೆಯ ವ್ಯಾಪಾರಿ ಆದ. ನಾಲ್ಕನೇ ಅವಧಿಯಲ್ಲಿ ದಾಳ ಕೈಕೊಟ್ಟಿತು. ಎದುರಾಳಿ ವ್ಯಾಪಾರಿಯೊಬ್ಬ ಅವನನ್ನು ದಿವಾಳಿ ಎಬ್ಬಿಸಿದ, ಕೂಡಿಟ್ಟದ್ದೆಲ್ಲ ಹೋಯಿತು. ಅವನು ಹಾಳೆ ಕೆಳಗಿಟ್ಟು "ಆ ನನ್ಮಗ ಎಲ್ಲಿದ್ದಾನೆ ಈಗ?" ಅಂತ ಕೇಳಿದ. ನಮ್ಮ ಕತೆಯ ಮೊದಲ ಖಳ ಅಲ್ಲೇ ಸಿಕ್ಕ. ನಾನು ಒಂದು ಅಕ್ಷರ ಬರೆದಿರಲಿಲ್ಲ.

ಆಮೇಲೆ ಬಾಹ್ಯಾಕಾಶದ ಹಡಗು. ಹೆಚ್ಚಿನವರಿಗೆ ಸಿಗುವುದು ಸಾಲದ ಹಡಗು. ಬೆಲೆಯ 240ನೇ ಒಂದು ಭಾಗವನ್ನು ತಿಂಗಳ ಕಂತಾಗಿ 480 ತಿಂಗಳು ಕಟ್ಟಬೇಕು, ಅಂದರೆ 40 ವರ್ಷ. ಕಂತುಗಳನ್ನೇ ಕೂಡಿದರೂ ಬೆಲೆಯ ಎರಡು ಪಟ್ಟು. ಇದನ್ನು ಓದಿದ ಕೂಡಲೇ ಗೆಳೆಯ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಅವನಿಗೆ ಈ ಹಡಗು ಅಂದರೆ ಫೈನಾನ್ಸ್ ಮೇಲೆ ತಗೊಂಡ ಲಾರಿಯೇ. ಕಂತು ತಪ್ಪಿದರೆ ಸೀಜ್. ಖಾಲಿ ವಾಪಸ್ ಬಂದರೆ ನಷ್ಟ. "ರಿಟರ್ನ್ ಲೋಡ್ ಇಲ್ದೆ ಯಾವನ್ ಹೋಗ್ತಾನೋ ಅಲ್ಲಿಗೆ?" ಅನ್ನುವುದು ನಮ್ಮ ಮೇಜಿನ ಮೇಲೆ ಅತಿ ಹೆಚ್ಚು ಕೇಳಿದ ವಾಕ್ಯ ಇರಬೇಕು. ಆಟ ಆಡಿಯೇ ಗೊತ್ತಿಲ್ಲದ ಅವನು ನನಗಿಂತ ಚೆನ್ನಾಗಿ ಆ ಲೋಕವನ್ನು ಹಿಡಿದುಕೊಂಡ.

ಒಂದು ಸಂಜೆಯ ಜಗಳ ಹೇಳುತ್ತೇನೆ. ನಮ್ಮದು 200 ಟನ್ನಿನ ಫ್ರೀ ಟ್ರೇಡರ್, ಅಂದರೆ ಸಣ್ಣ ಸರಕು ಹಡಗು. ಒಂದು ಜಂಪ್‌ಗೆ, ಅಂದರೆ ಒಂದು ಪಾರ್ಸೆಕ್ (ಸುಮಾರು 3.26 ಜ್ಯೋತಿರ್ವರ್ಷ) ದೂರದ ಇನ್ನೊಂದು ನಕ್ಷತ್ರಕ್ಕೆ ಹಾರಲು, 20 ಟನ್ ಹೈಡ್ರೋಜನ್ ಬೇಕು. ಶುದ್ಧ ಇಂಧನ ಟನ್ನಿಗೆ 500 ಕ್ರೆಡಿಟ್ (ಆಟದ ದುಡ್ಡು), ಕಚ್ಚಾ ಇಂಧನ 100. ಶುದ್ಧವಾದರೆ 10,000, ಕಚ್ಚಾ ಆದರೆ 2,000. ಶುದ್ಧೀಕರಿಸುವ ಯಂತ್ರ ಕೆಟ್ಟು ಕೂತಿತ್ತು. ಕಚ್ಚಾ ಹಾಕಿಸಿದರೆ ಜಂಪ್ ತಪ್ಪುವ ಅಪಾಯ ಇದೆ. ತಪ್ಪಿದರೆ ಯಾವ ದಿಕ್ಕಿಗೆ, ಎಷ್ಟು ದೂರ ಹೋಗಿ ಬೀಳುತ್ತೀರಿ ಅಂತ ದಾಳವೇ ಹೇಳಬೇಕು. ಗೆಳೆಯ ಕಂತಿನ ಲೆಕ್ಕ ಹಾಕಿ ಕಚ್ಚಾ ಸಾಕು ಅಂದ. ಸರ್ ಸುತರಾಂ ಒಪ್ಪಲಿಲ್ಲ. ಇನ್ಸಾಟ್-1ಎ ಕತೆ ತೆಗೆದರು. 1982ರ ಏಪ್ರಿಲ್‌ನಲ್ಲಿ ಹಾರಿಸಿದ ಆ ಉಪಗ್ರಹವನ್ನು ಅದೇ ಸೆಪ್ಟೆಂಬರ್‌ನಲ್ಲಿ ಕೈಬಿಡಬೇಕಾಯಿತು. ದಿಕ್ಕು ಸರಿಪಡಿಸಿಕೊಳ್ಳುವ ಇಂಧನವೇ ಮುಗಿದುಹೋಗಿತ್ತು. "ಮೇಲೆ ಹೋದಮೇಲೆ ಬಂಕ್ ಇಲ್ಲ ಕಣಪ್ಪ" ಅಂದರು. ಕೊನೆಗೆ ಶುದ್ಧವಾದದ್ದನ್ನೇ ಹಾಕಿಸಿದೆವು. ಆ ತಿಂಗಳ ಕಂತಿಗೆ ದುಡ್ಡು ಸಾಲಲಿಲ್ಲ. ಅದನ್ನು ತುಂಬಲು ಒಪ್ಪಿಕೊಂಡ ಕಳ್ಳ ಸರಕಿನಿಂದಲೇ ಮುಂದಿನ ಇಡೀ ಕತೆ ಹುಟ್ಟಿತು.

ಟ್ರಾವೆಲರ್‌ನ ಶಕ್ತಿ ಇದೇ. ಖಳನನ್ನು, ಸಂಚನ್ನು ನಡೆಸುವವನು ಹೊರಗಿನಿಂದ ತರಬೇಕಾಗಿಲ್ಲ. ಇಂಧನದ ಬೆಲೆ, ದೂರ, ಕಂತು ಸೇರಿ ಕತೆಯನ್ನು ತಾವೇ ಮುಂದಕ್ಕೆ ತಳ್ಳುತ್ತವೆ.

ಹಾಗಂತ ಎಲ್ಲರಿಗೂ ಇದು ಹಿಡಿಸುವುದಿಲ್ಲ. ಪಾತ್ರ ಮಾಡಲು ಒಂದು ಸಂಜೆ ಪೂರ್ತಿ ಹೋಗುತ್ತದೆ. ವ್ಯಾಪಾರದ ಪಟ್ಟಿಗಳನ್ನು ತಿರುವಿ ಹಾಕುವಾಗ ಬೇಲೂರಿನ ಹುಡುಗಿ ಕಿಟಕಿ ಕಡೆ ನೋಡುತ್ತಾ ಕೂತಿರುತ್ತಾಳೆ. ಅದು ಅವಳ ತಪ್ಪಲ್ಲ. ಲೆಕ್ಕದಲ್ಲಿ ರುಚಿ ಇಲ್ಲದವರಿಗೆ ಆ ಅರ್ಧ ಗಂಟೆ ನಿಜಕ್ಕೂ ಉದ್ದ.

ಮದರ್‌ಶಿಪ್ ಆ ಕೊರತೆ ತುಂಬುತ್ತದೆ. 2018ರಲ್ಲಿ ಮೊದಲು ಬಂದ ಆಟ, ಹಾರರ್ ಜಾತಿಯದು. ನೂರರ ಲೆಕ್ಕದ ದಾಳ: ಹತ್ತು ಮುಖದ ಎರಡು ದಾಳ ಹಾಕಿ 00ರಿಂದ 99ರ ಒಳಗೆ ಒಂದು ಅಂಕಿ ಓದುವುದು. ನಿಮ್ಮ ಅಂಕಿಗಿಂತ ಕೆಳಗೆ ಬಿದ್ದರೆ ಗೆಲುವು. ಈಗಿನ ಆವೃತ್ತಿಯಲ್ಲಿ ಪಾತ್ರದ ಅಂಕಿಗಳು 27ರಿಂದ 45ರ ಒಳಗೆ ಶುರುವಾಗುತ್ತವೆ, ವರ್ಗದಿಂದ (ವಿಜ್ಞಾನಿಯಂಥ ಪಾತ್ರದ ಬಗೆ) ಒಂದಿಷ್ಟು ಸೇರುತ್ತದೆ. ಅಂದರೆ ಸುಮ್ನೆ ದಾಳ ಹಾಕಿದರೆ ಸೋಲುವುದೇ ಜಾಸ್ತಿ. ಪ್ರತಿ ಸೋಲಿಗೂ ಒತ್ತಡ ಒಂದು ಏರುತ್ತದೆ. ಒತ್ತಡ 2ರಿಂದ ಶುರು. ಗಾಬರಿ ಹುಟ್ಟಿಸುವ ಕ್ಷಣದಲ್ಲಿ ಇಪ್ಪತ್ತು ಮುಖದ ದಾಳ ಹಾಕಿ ಒತ್ತಡಕ್ಕಿಂತ ಹೆಚ್ಚು ತರಬೇಕು. ತರದಿದ್ದರೆ ಪಾತ್ರದ ಬುದ್ಧಿ ಕೈಯಲ್ಲಿರುವುದಿಲ್ಲ. ಒತ್ತಡ 9 ಆದಾಗ ಗಾಬರಿಯಾಗುವ ಸಾಧ್ಯತೆ ಶೇಕಡಾ 45. ಆ ಅಂಕಿ ಏರುವುದನ್ನು ಎಲ್ಲರೂ ಕಣ್ಣಾರೆ ನೋಡುತ್ತಿರುತ್ತಾರೆ. ಭಯ ಬರುವುದು ಅಲ್ಲಿಂದ.

ಈ ಆಟದಲ್ಲಿ ಅಡಗಿಕೊಳ್ಳುವುದಕ್ಕೆ ಅಂತ ಒಂದು ಕೌಶಲವೇ ಇಲ್ಲ. ಓದಿದಾಗ ವಿಚಿತ್ರ ಅನಿಸಿತು. ಆಡಿದಾಗ ಅದರ ಬೆಲೆ ಗೊತ್ತಾಯಿತು. ಪಾಳುಬಿದ್ದ ಹಡಗಿನೊಳಗೆ ಏನೋ ಓಡಾಡುತ್ತಿದೆ. ಅಕ್ಕನ ವಿಜ್ಞಾನಿ ಪಾತ್ರ ಓಣಿಯ ಕೊನೆಯಲ್ಲಿ ಸಿಕ್ಕಿಕೊಂಡಿದೆ. ಬೇರೆ ಆಟವಾಗಿದ್ದರೆ "ದಾಳ ಹಾಕಿ ಅಕ್ಕ" ಅಂತ ಹೇಳಿ ಮುಗಿಸುತ್ತಿದ್ದೆ. ಇಲ್ಲಿ ಅವರೇ ಕೇಳಿದರು: "ನೆಲ ಲೋಹದ್ದಲ್ವಾ? ಬೂಟು ಬಿಚ್ಚಿಬಿಡ್ತೀನಿ. ಪೈಪಿನ ಹಿಂದೆ ಜಾಗ ಇದ್ಯಾ? ಪೈಪು ಬಿಸಿ ಇದ್ಯಾ, ತಣ್ಣಗಿದ್ಯಾ?" ಬಿಸಿ ಇದೆ ಅಂದೆ. "ಹಾಗಾದ್ರೆ ಅದಕ್ಕೆ ಶಾಖ ಕಾಣೋ ಕಣ್ಣಿದ್ರೂ ನಾನು ಕಾಣಲ್ಲ" ಅಂದರು. ದಾಳ ಬೇಕಾಗಲೇ ಇಲ್ಲ. ಬೂಟುಗಳು ಮಾತ್ರ ಓಣಿಯಲ್ಲೇ ಉಳಿದವು, ಅವನ್ನು ಆ ಪ್ರಾಣಿ ಮೂಸಿ ನೋಡಿತು. ಮೇಜಿನ ಸುತ್ತ ಯಾರೂ ಉಸಿರೆತ್ತಲಿಲ್ಲ. ಟ್ರಾವೆಲರ್‌ನಲ್ಲಿ ಇಂಥ ಕ್ಷಣ ನಮಗೆ ಸಿಕ್ಕಿಲ್ಲ, ಇದನ್ನು ಒಪ್ಪಲೇಬೇಕು.

ಸರ್ ಆಂಡ್ರಾಯ್ಡ್, ಅಂದರೆ ಮನುಷ್ಯನ ಹಾಗೆ ಕಾಣುವ ಯಂತ್ರ, ಆಗುತ್ತಾರೆ. ಆಂಡ್ರಾಯ್ಡ್ ಹತ್ತಿರ ಇದ್ದರೆ ಉಳಿದವರು ಭಯ ತಡೆಯುವುದು ಇನ್ನೂ ಕಷ್ಟ, ನಿಯಮವೇ ಹಾಗಿದೆ. ಅವರು ದನಿ ಏರಿಸದೆ, ಮುಖ ಬದಲಿಸದೆ ಮಾತಾಡುತ್ತಾರೆ. ಸಹಾಯಕ್ಕೆ ಭೂಮಿಗೆ ಸಂದೇಶ ಕಳಿಸೋಣ ಅಂತ ಗೆಳೆಯ ಅಂದಾಗ ಸರ್ ಹೇಳಿದ್ದು ಇಷ್ಟೇ: ಗುರುಗ್ರಹದ ಹತ್ತಿರದಿಂದ ಸಂದೇಶ ಹೋಗಲು ಕಡಿಮೆ ಅಂದರೂ ಅರ್ಧ ಗಂಟೆ, ಉತ್ತರ ಬರಲು ಇನ್ನೊಂದು ಅರ್ಧ ಗಂಟೆ. ಆ ಲೆಕ್ಕ ನಿಜ. ನಾನು ಸೇರಿಸಬಹುದಾಗಿದ್ದ ಯಾವ ರಾಕ್ಷಸನಿಗಿಂತ ಅದು ಹೆಚ್ಚು ಹೆದರಿಸಿತು.

ಆದರೆ ಮದರ್‌ಶಿಪ್‌ನಲ್ಲಿ ಪಾತ್ರಗಳು ಬೇಗ ಸಾಯುತ್ತವೆ. ಆಲೂರಿನಿಂದ ಬಸ್ ಹಿಡಿದು ಬಂದವರ ಪಾತ್ರ ಮೊದಲ ಗಂಟೆಯಲ್ಲೇ ಹೋದರೆ ಬೇಜಾರಾಗುತ್ತೆ ಅಲ್ವಾ? ಹೊಸ ಪಾತ್ರ ಕಾಲು ಗಂಟೆಯಲ್ಲಿ ತಯಾರಾಗುತ್ತದೆ ನಿಜ. ಆದರೆ ಅದರ ಮೇಲೆ ಮಮತೆ ಅಷ್ಟು ಬೇಗ ಹುಟ್ಟುವುದಿಲ್ಲ. ಒಂದೆರಡು ಕೂಟಕ್ಕೆ ಇದಕ್ಕಿಂತ ಒಳ್ಳೆಯ ಆಟ ನಾನು ಕಂಡಿಲ್ಲ. ವರ್ಷಗಟ್ಟಲೆ ಎಳೆಯಲು ಹೋದರೆ ಭಯ ಸವೆಯುತ್ತದೆ.

ಲೇಸರ್ಸ್ ಅಂಡ್ ಫೀಲಿಂಗ್ಸ್ ಬಗ್ಗೆ ಹೇಳುವುದು ಕಡಿಮೆ, ಆಟವೇ ಒಂದು ಪುಟದ್ದು. ಜಾನ್ ಹಾರ್ಪರ್ 2013ರಲ್ಲಿ ಮಾಡಿದ್ದು, ಉಚಿತವಾಗಿ ಸಿಗುತ್ತದೆ. 2ರಿಂದ 5ರ ಒಳಗೆ ಒಂದು ಅಂಕಿ ಆರಿಸಿಕೊಳ್ಳಬೇಕು. ಯಂತ್ರ, ತರ್ಕದ ಕೆಲಸಕ್ಕೆ ದಾಳ ಅದಕ್ಕಿಂತ ಕೆಳಗೆ ಬೀಳಬೇಕು. ಮನಸ್ಸು, ಮಾತಿನ ಕೆಲಸಕ್ಕೆ ಮೇಲೆ ಬೀಳಬೇಕು. ಅಂಕಿಗೆ ಸರಿಯಾಗಿ ಬಿದ್ದರೆ ಒಂದು ಪ್ರಶ್ನೆ ಕೇಳಬಹುದು, ನಡೆಸುವವನು ಪ್ರಾಮಾಣಿಕವಾಗಿ ಉತ್ತರಿಸಬೇಕು. ಬೇಲೂರಿನ ಹುಡುಗಿಗೆ ಹಾಗೆ ಬಿತ್ತು. ಎದುರಿಗೆ ಬಂದೂಕು ಹಿಡಿದ ಅನ್ಯಗ್ರಹದವರು. "ಇವರಿಗೆ ನಿಜವಾಗ್ಲೂ ಕೋಪ ಬಂದಿದ್ಯಾ, ಇಲ್ಲ ಹೆದರಿದ್ದಾರಾ?" ಅಂತ ಕೇಳಿದಳು. ಹೆದರಿದ್ದಾರೆ ಅಂದೆ. ಅಲ್ಲಿಂದ ಇಡೀ ಸಂಜೆ ಅವಳೇ ಮಾತುಕತೆ ನಡೆಸಿದಳು, ಲಾರಿ ಗೆಳೆಯ ಸುಮ್ಮನೆ ಕೇಳುತ್ತಾ ಕೂತ. ಹೊಸಬರನ್ನು ಕೂರಿಸಲು ಇದಕ್ಕೆ ಸಾಟಿ ಇಲ್ಲ. ಆದರೆ ಮತ್ತೆ ಮತ್ತೆ ಆಡಿದರೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಪಾತ್ರ ಬೆಳೆಯುವ ದಾರಿಯೇ ಆ ಪುಟದಲ್ಲಿಲ್ಲ.

ಸಾಮಾನಿನ ವಿಷಯ. ಟ್ರಾವೆಲರ್‌ಗೂ ಲೇಸರ್ಸ್‌ಗೂ ಲೂಡೊ ಡಬ್ಬಿಯ ದಾಳ ಸಾಕು. ಮದರ್‌ಶಿಪ್‌ಗೆ ಹತ್ತು ಮುಖ, ಇಪ್ಪತ್ತು ಮುಖದ ದಾಳ ಬೇಕು. ನಮ್ಮೂರ ಅಂಗಡಿಗಳಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿಕೊಂಡೆವು. ಅಲ್ಲಿಯವರೆಗೆ 0ಯಿಂದ 9ರವರೆಗೆ ಬರೆದ ಚೀಟಿಗಳನ್ನು ಲೋಟಕ್ಕೆ ಹಾಕಿ ಎರಡು ಸಲ ಎತ್ತುತ್ತಿದ್ದೆವು. ಫೋನಿನ ದಾಳ ಬೇಡ ಅನ್ನುತ್ತೇನೆ. ಫೋನ್ ಕೈಗೆ ಬಂದರೆ ಮೆಸೇಜ್ ನೋಡದೆ ಇಡುವವರು ಯಾರು? ಟ್ರಾವೆಲರ್ ಪುಸ್ತಕ ದುಬಾರಿ ಅನಿಸಿದರೆ ಅದೇ ಬಗೆಯ ನಿಯಮಗಳಿರುವ ಸೆಫಿಯಸ್ ಎಂಜಿನ್ ಅನ್ನುವ ಪುಸ್ತಕ ಇದೆ, ಪಿಡಿಎಫ್‌ಗೆ ಮನಸ್ಸಿಗೆ ಬಂದಷ್ಟು ಕೊಡಬಹುದು.

ಇನ್ನು ನನ್ನ ಓಟಿಗೆ ದೊಡ್ಡ ಕಾರಣ. ದುಡಿಯುವವರ ಗುಂಪಿನಲ್ಲಿ ಪ್ರತಿ ಸಲ ಯಾರೋ ಒಬ್ಬರು ಬರುವುದಿಲ್ಲ. ಗೆಳೆಯನಿಗೆ ಮಂಗಳೂರು ಲೋಡ್ ಸಿಗುತ್ತದೆ, ಶಿರಾಡಿ ಘಾಟಿಯಲ್ಲಿ ಸಾಲುಗಟ್ಟಿ ನಿಲ್ಲುತ್ತಾನೆ. ಅಕ್ಕನಿಗೆ ಭಾನುವಾರವೇ ಡ್ಯೂಟಿ ಬೀಳುತ್ತದೆ. ಮದರ್‌ಶಿಪ್‌ನಲ್ಲಿ ಒಬ್ಬರು ಓಣಿಯ ಮಧ್ಯೆ ಸಿಕ್ಕಿಕೊಂಡಾಗ ಆಟ ನಿಂತರೆ, ಅವರಿಲ್ಲದೆ ಮುಂದುವರಿಸುವುದು ಕಷ್ಟ. ಟ್ರಾವೆಲರ್‌ನಲ್ಲಿ ಪ್ರತಿ ಜಂಪ್‌ಗೂ ಸುಮಾರು ಒಂದು ವಾರ ಹಿಡಿಯುತ್ತದೆ. ಬೆಳಕಿಗಿಂತ ವೇಗವಾಗಿ ಹೋಗುವ ರೇಡಿಯೋ ಇಲ್ಲ, ಸುದ್ದಿಯೂ ಹಡಗಿನಲ್ಲೇ ಬರಬೇಕು. ಹಾಗಾಗಿ ಪ್ರತಿ ಕೂಟವನ್ನೂ ಜಂಪ್‌ಗೆ ಮುಗಿಸುತ್ತೇವೆ. ಮುಂದಿನ ಸಲ ಬಂದವರು ಇಳಿಯುತ್ತಾರೆ, ಬರದವರ ಪಾತ್ರ ಎಂಜಿನ್ ರಿಪೇರಿಗೆ ಉಳಿಯುತ್ತದೆ. ಗೆಳೆಯ ಊರಲ್ಲಿಲ್ಲದಿದ್ದರೂ ವಾಟ್ಸಾಪ್‌ನಲ್ಲಿ ಸರಕಿನ ರೇಟು ಕೇಳುತ್ತಿರುತ್ತಾನೆ. ಹಡಗಿನ ಲೆಕ್ಕದ ಪುಸ್ತಕ ಅವನ ಹತ್ತಿರವೇ ಇದೆ.

ಸರ್ ಮಾತ್ರ ಈಗಲೂ ಮದರ್‌ಶಿಪ್ ಪಕ್ಷ. ಟ್ರಾವೆಲರ್‌ನಲ್ಲಿ ಬಾಹ್ಯಾಕಾಶ ಬರೀ ಹೈವೇ ಆಗಿಬಿಡುತ್ತೆ, ಹೊರಗೆ ಗಾಳಿ ಇಲ್ಲ ಅನ್ನುವುದೇ ಮರೆತುಹೋಗುತ್ತೆ ಅಂತ ಅವರ ವಾದ. ಮಾತು ಸರಿಯಾಗಿದೆ. ಅದಕ್ಕೇ ಈಗ ಮದರ್‌ಶಿಪ್‌ನ ಒತ್ತಡವನ್ನು ಟ್ರಾವೆಲರ್‌ಗೆ ತಂದು ಆಡುತ್ತಿದ್ದೇವೆ. ಹಡಗಿನ ಹೊರಗೆ ಹಾಕಿದ ದಾಳ ಸೋತರೆ ಒತ್ತಡ ಒಂದು ಏರುತ್ತದೆ. ಬಂದರಿನಲ್ಲಿ ಒಂದು ವಾರ ಕೆಲಸ ಬಿಟ್ಟು ಕೂತರೆ ಇಳಿಯುತ್ತದೆ, ಆದರೆ ಆ ವಾರದ ಸರಕಿನ ಬಾಡಿಗೆ ಕೈತಪ್ಪುತ್ತದೆ. ಗೆಳೆಯ ಲೆಕ್ಕದ ಪುಸ್ತಕದಲ್ಲಿ ಅದಕ್ಕೂ ಒಂದು ಕಾಲಂ ಹಾಕಿದ್ದಾನೆ. ಸರ್ ಪಾತ್ರದ ಒತ್ತಡ ಈಗ 11. ಗೆಳೆಯ ಮಾತ್ರ ಇನ್ನೊಂದು ಟ್ರಿಪ್ ಹೊಡೆದೇ ನಿಲ್ಲಿಸೋಣ ಅನ್ನುತ್ತಾನೆ. ಮುಂದಿನ ಭಾನುವಾರದ ಆಟ ಶುರುವಾಗುವುದು ಆ ಜಗಳದಿಂದಲೇ.