ಸರ್ಜರಿ ಕಲಿಕೆ: ಸ್ಕ್ರೀನ್ ಮುಂದೆಯೋ, ಟೇಬಲ್ ಪಕ್ಕದಲ್ಲೋ?

ಸರ್ಜರಿ ರೆಸಿಡೆಂಟ್‌ಗಳು (ಆಸ್ಪತ್ರೆಯಲ್ಲಿ ದುಡಿಯುತ್ತಲೇ ಸರ್ಜರಿ ಕಲಿಯುವ ವೈದ್ಯರು) ಕೋರ್ಸ್ ಆರಿಸುವ ಮೊದಲು ಒಂದು ವಿಷಯ ಕೇಳಿಕೊಳ್ಳಬೇಕು. ಈಗ ಕಲಿಯಬೇಕಿರುವುದು ತಲೆಯೋ, ಕೈಯೋ?

ತಲೆಯಾದರೆ ಆನ್‌ಲೈನ್ ಸಾಕು. ಅಂಗರಚನೆ, ಆಪರೇಷನ್‌ನ ಹಂತಗಳು, ಕೇಸ್ ಚರ್ಚೆ ಎಲ್ಲವೂ ಚೆನ್ನಾಗಿ ನಡೆಯುತ್ತವೆ. ಅರ್ಥವಾಗದ ಕಡೆ ವಿಡಿಯೋ ನಿಲ್ಲಿಸಿ ಮತ್ತೆ ನೋಡಬಹುದು. ರಾತ್ರಿ ಡ್ಯೂಟಿ ಮುಗಿಸಿ ಬಂದವರಿಗೆ ಇದು ಸಣ್ಣ ಅನುಕೂಲವಲ್ಲ.

ಕೈಯ ಮಾತೇ ಬೇರೆ. ಲ್ಯಾಪರೋಸ್ಕೋಪಿಯಲ್ಲಿ (ಹೊಟ್ಟೆಯ ಸಣ್ಣ ರಂಧ್ರಗಳಿಂದ ಉದ್ದ ಉಪಕರಣ ತೂರಿಸಿ ಮಾಡುವ ಆಪರೇಷನ್) ಕೈ ಎಡಕ್ಕೆ ಹೋದರೆ ಉಪಕರಣದ ತುದಿ ಬಲಕ್ಕೆ ಹೋಗುತ್ತದೆ. ಇದನ್ನು ಎಷ್ಟು ಸಲ ಕೇಳಿಸಿಕೊಂಡರೂ ಕೈಗೆ ಬರುವುದಿಲ್ಲ. ಬಾಕ್ಸ್ ಟ್ರೈನರ್‌ನಲ್ಲಿ (ಇದೇ ಉಪಕರಣಗಳನ್ನು ತೂರಿಸಿ ಅಭ್ಯಾಸ ಮಾಡುವ ಪೆಟ್ಟಿಗೆ) ಆರು ಪುಟ್ಟ ತುಂಡುಗಳನ್ನು ಒಂದೊಂದಾಗಿ ಎತ್ತಬೇಕು, ಗಾಳಿಯಲ್ಲೇ ಇನ್ನೊಂದು ಕೈಯ ಉಪಕರಣಕ್ಕೆ ದಾಟಿಸಬೇಕು, ಆಮೇಲೆ ಗೂಟಕ್ಕೆ ಹಾಕಬೇಕು. ಬೀಳಿಸುತ್ತಾ ಬೀಳಿಸುತ್ತಾ ಬರುವ ವಿದ್ಯೆ ಇದು. ಪಕ್ಕದಲ್ಲಿ ನಿಂತ ಗುರುಗಳು ಮಣಿಕಟ್ಟು ಹಿಡಿದು ಸ್ವಲ್ಪ ತಿರುಗಿಸಿದರೆ ಒಂದು ಗಂಟೆಯ ಒದ್ದಾಟ ತಪ್ಪುತ್ತದೆ. ಕ್ಯಾಮೆರಾದಲ್ಲಿ ಅದು ಆಗುವುದಿಲ್ಲ, ಅಲ್ವಾ?

ವಿಆರ್ (ವರ್ಚುವಲ್ ರಿಯಾಲಿಟಿ) ಸಿಮ್ಯುಲೇಟರ್, ಅಂದರೆ ಕಂಪ್ಯೂಟರ್ ಸೃಷ್ಟಿಸಿದ ಆಪರೇಷನ್‌ನಲ್ಲಿ ಕೈ ಪಳಗಿಸುವ ಯಂತ್ರ, ಆನ್‌ಲೈನ್ ಮತ್ತು ನೇರ ತರಬೇತಿಯ ನಡುವಿನದು. ಸುಮ್ನೆ ಆಟಿಕೆ ಅಂದುಕೊಳ್ಳಬೇಡಿ. 2002ರಲ್ಲಿ ಪ್ರಕಟವಾದ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ವಿಆರ್‌ನಲ್ಲಿ ಪಳಗಿದ ರೆಸಿಡೆಂಟ್‌ಗಳು ಪಿತ್ತಕೋಶ ಬಿಡಿಸುವ ಕೆಲಸವನ್ನು ಶೇ 29ರಷ್ಟು ಬೇಗ ಮಾಡಿದರು, ತಪ್ಪುಗಳೂ ಕಡಿಮೆಯಾದವು. ಆದರೆ ಅದರಲ್ಲಿದ್ದವರು 16 ಜನ ಮಾತ್ರ. ದಾರ ಎಳೆದಾಗ ಬೆರಳಿಗೆ ಸಿಗುವ ಬಿಗಿಯನ್ನು ಅನೇಕ ಸಿಮ್ಯುಲೇಟರ್‌ಗಳು ಸರಿಯಾಗಿ ಕೊಡುವುದೂ ಇಲ್ಲ.

ಖರ್ಚು, ಓಡಾಟ ಎರಡೂ ಆನ್‌ಲೈನ್‌ನಲ್ಲಿ ಕಡಿಮೆ. ಆದರೂ ಮೊದಲ ವರ್ಷದವರು ರಜೆ ಮತ್ತು ಹಣವನ್ನು ನೇರ ತರಬೇತಿಗೇ ಜಾಸ್ತಿ ಎತ್ತಿಡಲಿ. ಪಾಠಗಳನ್ನು ಮೊದಲೇ ಆನ್‌ಲೈನ್‌ನಲ್ಲಿ ಮುಗಿಸಿ ಹೋದರೆ ಅಲ್ಲಿನ ಸಮಯವೆಲ್ಲ ಕೈಗೇ ಸಿಗುತ್ತದೆ.