ಬಾವಲಿ ಗುಹೆಯ ಡಾಕ್ಯುಮೆಂಟರಿಗೆ ಇನ್‌ಫ್ರಾರೆಡ್ ಕ್ಯಾಮೆರಾನಾ, ಥರ್ಮಲ್ಲಾ?

ಬಾವಲಿಯ ಮುಖ, ಕಿವಿ, ತಲೆಕೆಳಗಾಗಿ ನೇತಾಡುತ್ತಲೇ ರೆಕ್ಕೆ ನೆಕ್ಕಿಕೊಳ್ಳುವ ಚಂದ ಇವೆಲ್ಲ ಬೇಕಂದ್ರೆ ಇನ್‌ಫ್ರಾರೆಡ್ಡೇ ಸರಿ. ಅದಕ್ಕೆ ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಇನ್‌ಫ್ರಾರೆಡ್ ಬೆಳಕು ಬೀರುವ ಬೇರೆ ಲೈಟ್ ಬೇಕು. 850 ನ್ಯಾನೋಮೀಟರ್ ತರಂಗಾಂತರದ ಲೈಟ್ ದೂರದವರೆಗೂ ಕೆಲಸ ಮಾಡುತ್ತದೆ, ಆದರೆ ಬಲ್ಬೇ ಮಂದ ಕೆಂಪಗೆ ಕಾಣುತ್ತದೆ; 940ರಲ್ಲಿ ಆ ಕೆಂಪಿಲ್ಲ, ಆದರೆ ಕ್ಯಾಮೆರಾಗೆ ಅದು ಅಷ್ಟಾಗಿ ಹಿಡಿಯುವುದಿಲ್ಲ, ಹತ್ತಿರ ಹೋಗಲೇಬೇಕು.

ಥರ್ಮಲ್ ಮೈಯ ಬಿಸಿಯನ್ನೇ ಚಿತ್ರವಾಗಿಸುತ್ತದೆ, ಅದಕ್ಕೆ ಲೈಟೇ ಬೇಡ. ಸಂಜೆ ಗುಂಪು ಹೊರಬೀಳುವಾಗ ಒಂದೊಂದು ಬಾವಲಿಯೂ ಬಿಳಿ ಚುಕ್ಕೆಯಾಗಿ ಎದ್ದು ಕಾಣುತ್ತದೆ, ಆಮೇಲೆ ಕೂತು ಎಣಿಸಬಹುದು. ಮುಖ ಮಾತ್ರ ಸಿಗಲ್ಲ. ಹಿಕ್ಕೆ ಬೀಳುತ್ತೆ ಅಂತ ಕ್ಯಾಮೆರಾ ಮುಂದೆ ಸುಮ್ನೆ ಮಾಮೂಲಿ ಗಾಜು ಇಟ್ಟರೆ, ಆ ಬಿಸಿ ಗಾಜು ದಾಟದೆ ಏನೂ ಕಾಣುವುದೂ ಇಲ್ಲ. ದುಡ್ಡೂ ಜಾಸ್ತಿ.

ಒಂದೇ ಕೊಳ್ಳುವುದಾದರೆ ಇನ್‌ಫ್ರಾರೆಡ್ ತಗೊಳ್ಳಿ. ಆದರೆ ಬೆಳಗಾವಿಯ ಭೀಮಗಡ ಕಾಡಿನ ಬಾರಾಪೇಡೆಯಂಥ ಅಪರೂಪದ ಬಾವಲಿಗಳ ಗುಹೆ, ಅದರಲ್ಲೂ ಮರಿ ಹಾಕುವ ಕಾಲ ಅಂದ್ರೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ಥರ್ಮಲ್ ಬಾಡಿಗೆಗೆ ತಂದು ಹೊರಗೇ ಕೂತುಕೊಳ್ಳಿ.