ಐಟಿಪಿಎಲ್‌ನಲ್ಲಿ ಕೆಲಸ: ಮನೆ ವಿಜಯನಗರದಲ್ಲೋ, ಮಾರತಹಳ್ಳಿಯಲ್ಲೋ?

ಐಟಿಪಿಎಲ್ ಅಂದರೆ ವೈಟ್‌ಫೀಲ್ಡ್ ಕಡೆಯ ಐಟಿ ಪಾರ್ಕ್. ನಕ್ಷೆ ನೋಡಿದರೆ ಅದಕ್ಕೆ ಹತ್ತಿರದ ಮಾರತಹಳ್ಳಿಯೇ ಗೆಲ್ಲುತ್ತದೆ. ವಿಜಯನಗರ ಬೆಂಗಳೂರಿನ ಇನ್ನೊಂದು ತುದಿ. ಆದರೆ ನಕ್ಷೆಯಲ್ಲಿ ಮಾರತಹಳ್ಳಿ-ಐಟಿಪಿಎಲ್ ದಾರಿಯ ಕುಂದಲಹಳ್ಳಿ ಗೇಟ್‌ನ ಸಂಜೆ ಟ್ರಾಫಿಕ್ ಕಾಣುವುದಿಲ್ಲ, ಅಲ್ವಾ?

ನಾನು ಎರಡೂ ಕಡೆ ಇದ್ದು ನೋಡಿದ್ದೇನೆ. ಮಾರತಹಳ್ಳಿಯಿಂದ 335ಇ ಬಸ್ಸು ನೇರ ಐಟಿಪಿಎಲ್‌ಗೆ ಹೋಗುತ್ತದೆ. ಒಳ್ಳೆ ದಿನ ಅರ್ಧ ಗಂಟೆ. ಮಳೆ ಬಂದ ದಿನ? ಮುಂದಿನ ಲಾರಿಯ ಹಿಂಬದಿ ಬರಹ ಬಾಯಿಪಾಠ ಆಗುವಷ್ಟು ಹೊತ್ತು.

ವಿಜಯನಗರಕ್ಕೆ ಬಲ ಬಂದಿದ್ದು 2023ರ ಅಕ್ಟೋಬರ್‌ನಲ್ಲಿ, ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ತೆರೆದಾಗ. ಪಟ್ಟಂದೂರು ಅಗ್ರಹಾರದಲ್ಲಿ ಇಳಿದರೆ ಐಟಿಪಿಎಲ್ ಎದುರಿಗೇ. ಒಂದು ಗಂಟೆಯ ಮೇಲೆಯೇ ಬೇಕು, ಆದರೆ ದಿನಾ ಅಷ್ಟೇ. ಹತ್ತಿದಾಗ ಸೀಟು ಸಿಗದಿದ್ದರೆ ಮೆಜೆಸ್ಟಿಕ್‌ವರೆಗೆ ಕಾಯಿರಿ. ಹಸಿರು ಮಾರ್ಗಕ್ಕೆ ಹೋಗುವವರು ಅಲ್ಲಿ ಇಳಿಯುತ್ತಾರೆ. ಅವರು ಬ್ಯಾಗ್ ಹೆಗಲಿಗೇರಿಸುವಾಗಲೇ ಪಕ್ಕದಲ್ಲಿ ನಿಂತಿರಬೇಕು. 2025ರಲ್ಲಿ ದರ ಏರಿದ ಮೇಲೆ ಟಿಕೆಟ್ ಸ್ವಲ್ಪ ಕೈ ಸುಡುತ್ತದೆ, ನಿಜ.

ಬಾಡಿಗೆ? ವಿಜಯನಗರದಲ್ಲಿ ಹಳೇ ಮನೆಯ ಮೊದಲ ಮಹಡಿ ಸಿಗುತ್ತದೆ, ಮಾಲೀಕರು ಕೆಳಗೇ ಇರುತ್ತಾರೆ. ಗೇಟು ಎಷ್ಟೊತ್ತಿಗೆ ಹಾಕುತ್ತಾರೆ ಅಂತ ಮೊದಲೇ ಕೇಳಿ. ಕಾವೇರಿ ನೀರು ಬರುತ್ತದೆ, ತರಕಾರಿ ನಡೆದೇ ತರಬಹುದು. ಮಾರತಹಳ್ಳಿಯಲ್ಲಿ ಪಿಜಿ, ಅಪಾರ್ಟ್‌ಮೆಂಟ್ ಜಾಸ್ತಿ. ಬೇಸಿಗೆಯಲ್ಲಿ ಟ್ಯಾಂಕರ್ ಖರ್ಚು ಯಾರದು ಅಂತ ಅಗ್ರಿಮೆಂಟಿಗೆ ಮುಂಚೆ ಕೇಳಿಕೊಳ್ಳಿ.

ರಾತ್ರಿ ಪಾಳಿ ಇದ್ದರೆ ಸುಮ್ನೆ ಮಾರತಹಳ್ಳಿ ಹಿಡಿಯಿರಿ, ಮಧ್ಯರಾತ್ರಿ ಮೆಟ್ರೋ ಇರುವುದಿಲ್ಲ. ಹಗಲು ಕೆಲಸ, ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ ಅಂದರೆ ನನ್ನ ಓಟು ವಿಜಯನಗರಕ್ಕೆ.